ಶುಂಠಿ ಚಹಾ

ಹಸಿ ಶುಂಠಿಯನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಚಹಾಪುಡಿ ಹಾಕಿಯೋ ಹಾಕದೆಯೋ ಕುಡಿಯುವ ಬಿಸಿ ಪಾನೀಯ. ಶುಂಠಿಗೆ ‘ಅಲ್ಲ’ ಎನ್ನುವ ಉತ್ತರ ಕರ್ನಾಟಕದವರಿಗೆ ಇದು ಅಲ್ಲದ ಚಾ. ಗೂಡಂಗಡಿಯ ಹಾಲು-ಸಕ್ಕರೆಯ ಚಹಾ, ನೆಗಡಿಯಾದಾಗ ಮನೆಯಲ್ಲಿ ಕಾಯಿಸುವ ಖಾರದ ನೀರು ಎರಡಕ್ಕೂ ಇದೇ ಹೆಸರು. ಹಾಗಾಗಿ ‘ಶುಂಠಿ ಚಹಾ ಆರೋಗ್ಯಕ್ಕೆ ಒಳ್ಳೆಯದು’ ಎಂದವರನ್ನು ಯಾವ ಲೋಟದ ಮಾತು ಎಂದು ಕೇಳಲೇಬೇಕು.

ಶುಂಠಿ ಅರಿಸಿನ, ಏಲಕ್ಕಿಗಳ ಕುಟುಂಬಕ್ಕೆ ಸೇರಿದ ಗಿಡ. ನಾವು ಬಳಸುವುದು ಅದರ ಬೇರನ್ನಲ್ಲ, ನೆಲದೊಳಗೆ ಹಬ್ಬುವ ಕಾಂಡವನ್ನು. ಜಗತ್ತಿನಲ್ಲಿ ಅತಿ ಹೆಚ್ಚು ಶುಂಠಿ ಬೆಳೆಯುವ ದೇಶ ಭಾರತ. ಕರ್ನಾಟಕದಲ್ಲಿ ಹಾಸನ, ಕೊಡಗು, ಮೈಸೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ಈ ಬೆಳೆ ಹೆಚ್ಚು; ಕೇರಳದ ಬೆಳೆಗಾರರೂ ಇಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಬೆಳೆಯುತ್ತಾರೆ. ಕೊಳೆರೋಗ ಬಂದರೆ ಮಡಿಗೆ ಮಡಿಯೇ ಹೋಗುವ, ಬೆಲೆ ಏರಿದರೆ ಒಂದೇ ವರ್ಷದಲ್ಲಿ ಕೈತುಂಬುವ ಜೂಜಿನಂಥ ಬೇಸಾಯ ಇದು.

ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜೆರಾಲ್ ಎಂಬ ಸಂಯುಕ್ತ. ಒಣಗಿಸಿದಾಗ ಅಥವಾ ಹೆಚ್ಚು ಹೊತ್ತು ಕಾಯಿಸಿದಾಗ ಅದರ ಒಂದಿಷ್ಟು ಪಾಲು ನೀರಿನಂಶ ಕಳೆದುಕೊಂಡು, ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಒಣಶುಂಠಿ ಗಂಟಲಿಗೆ ಚುರುಕಾಗಿ ತಾಗುವುದು ಇದರಿಂದಲೇ. ಘಮ ಬರುವುದು ಬೇರೆ ತೈಲಾಂಶಗಳಿಂದ. ಅವು ಆವಿಯ ಜೊತೆ ಹಾರಿಹೋಗುವುದರಿಂದ ಮುಚ್ಚಳ ಮುಚ್ಚಿ ಕುದಿಸುವುದು ಲೇಸು.

ಮಾಡುವಾಗ ಕ್ರಮ ತಪ್ಪಬಾರದು. ಒಂದು ಲೋಟಕ್ಕೆ ಹೆಬ್ಬೆರಳ ತುದಿಯಷ್ಟು ಶುಂಠಿ ಸಾಕು. ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದು, ಕುಟ್ಟಾಣಿಯಲ್ಲಿ ಜಜ್ಜಿ, ಐದಾರು ನಿಮಿಷ ಬರೀ ನೀರಿನಲ್ಲಿ ಕುದಿಸಬೇಕು. ಆಮೇಲೆ ಚಹಾಪುಡಿ, ಕೊನೆಗೆ ಹಾಲು. ಬೆಚ್ಚಗಿನ ಹಾಲಿಗೆ ನೇರವಾಗಿ ಹಸಿ ಶುಂಠಿ ಬಿದ್ದರೆ ಒಡೆದುಹೋಗುವ ಸಂಭವ ಹೆಚ್ಚು. ಹಾಲು ಹಳಸಿದೆ ಎಂದು ಹಾಲಿನವನನ್ನು ಬೈಯುವವರಿದ್ದಾರೆ. ನಿಜವಾದ ಆರೋಪಿ ಶುಂಠಿಯಲ್ಲಿರುವ, ಪ್ರೋಟೀನನ್ನು ಕತ್ತರಿಸುವ ಜಿಂಜಿಬೈನ್ ಎಂಬ ಕಿಣ್ವ. ಚೆನ್ನಾಗಿ ಕುದಿದರೆ ಅದು ನಿಷ್ಕ್ರಿಯವಾಗುತ್ತದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಇದೇ ಗುಣವನ್ನು ಉಪಯೋಗಕ್ಕೆ ತಂದು, ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಗಿಣ್ಣಿನಂಥ ಸಿಹಿ ಮಾಡುತ್ತಾರೆ.

ಆಯುರ್ವೇದದ ತ್ರಿಕಟುವಿನಲ್ಲಿ ಮೆಣಸು, ಹಿಪ್ಪಲಿಗಳ ಜೊತೆ ಒಣಶುಂಠಿ ಇದೆ. ಆಧುನಿಕ ಪರೀಕ್ಷೆಗಳಲ್ಲಿ ಶುಂಠಿಗೆ ಹೆಚ್ಚು ಬೆಂಬಲ ಸಿಕ್ಕಿರುವುದು ವಾಕರಿಕೆಯ ವಿಷಯದಲ್ಲಿ, ಅದರಲ್ಲೂ ಗರ್ಭಿಣಿಯರ ವಾಕರಿಕೆಯಲ್ಲಿ. 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಕಾಯಿಲೆಯಿದ್ದವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ, ಮಾಮೂಲಿ ಮಾತ್ರೆಗಿಂತ ಶುಂಠಿ ಪುಡಿ ಹೆಚ್ಚು ಕೆಲಸ ಮಾಡಿತ್ತು. ಆಮೇಲಿನ ಪ್ರಯೋಗಗಳೆಲ್ಲ ಇದನ್ನು ಒಪ್ಪಿಲ್ಲ. ಅಲ್ಲದೆ ಅಲ್ಲಿ ಕೊಟ್ಟದ್ದು ಅಳೆದು ತುಂಬಿದ ಪುಡಿ, ಚಹಾ ಅಲ್ಲ. ನೆಗಡಿಯನ್ನು ಶುಂಠಿ ಬೇಗ ಓಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಬಿಸಿ ದ್ರವ ಗಂಟಲಿಗೆ ಹಿತ ಕೊಡುವುದು ಮಾತ್ರ ದಿಟ.

ಹೆಚ್ಚು ಕುಡಿದರೆ ಎದೆಯುರಿ ಬರುತ್ತದೆ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಬೇಕು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ; ಶುಂಠಿ ಹಾಕಿದ ಮಾತ್ರಕ್ಕೆ ಈ ದೋಷ ಹೋಗದು. ಸಕ್ಕರೆಯ ಬದಲು ಜೇನು ಹಾಕುವ ರೂಢಿಯಿದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೂಡದು.

ಶುಂಠಿ ಪಾನೀಯಗಳ ಬಳಗ ದೊಡ್ಡದು. ಕರಾವಳಿ, ಮಲೆನಾಡುಗಳ ಕಷಾಯದ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸುಗಳ ಜೊತೆ ಒಣಶುಂಠಿ ಸೇರುವುದುಂಟು. ಕೇರಳ, ತಮಿಳುನಾಡುಗಳಲ್ಲಿ ಬೆಲ್ಲ ಹಾಕಿದ ಚುಕ್ಕು ಕಾಪಿ, ಜಾವಾದಲ್ಲಿ ವೇದಾಂಗ್ ಜಾಹೆ. ಯೆಮನ್‌ನಲ್ಲಿ ಕಾಫಿ ಹಣ್ಣಿನ ಒಣಸಿಪ್ಪೆಯನ್ನು ಶುಂಠಿಯ ಜೊತೆ ಕುದಿಸಿ ಕಿಶ್ರ್ ಮಾಡುತ್ತಾರೆ. ಕಾಫಿ, ಶುಂಠಿ ಎರಡೂ ಬೆಳೆಯುವ ಕೊಡಗು, ಹಾಸನಗಳಲ್ಲಿ ಆ ಸಿಪ್ಪೆ ಹೆಚ್ಚಾಗಿ ಗೊಬ್ಬರದ ಗುಂಡಿ ಸೇರುತ್ತದೆ.