ಕ್ಯಾಮೆರಾ ಹಲವು, ಬಣ್ಣ ಒಂದೇ: ಬಲಿಪೂಜೆ ಚಿತ್ರೀಕರಿಸುವವರ ಗಮನಕ್ಕೆ

2020ರ ಮಾರ್ಚ್‌ನಲ್ಲಿ ಚರ್ಚ್‌ಗಳ ಬಾಗಿಲು ಮುಚ್ಚಿದ ಮೇಲೆ ಬಲಿಪೂಜೆಯ ನೇರಪ್ರಸಾರ ನಮ್ಮಲ್ಲಿ ರೂಢಿಯಾಯಿತು. ಈಗ ಗುರುದೀಕ್ಷೆ, ವಾರ್ಷಿಕ ಹಬ್ಬಗಳಿಗೆ ಮೂರು ನಾಲ್ಕು ಕ್ಯಾಮೆರಾ ಇಡುತ್ತಾರೆ. ಆದರೆ ತಪಸ್ಸುಕಾಲದ ನೇರಳೆ ಪೂಜಾವಸ್ತ್ರ ಒಂದು ಕ್ಯಾಮೆರಾದಲ್ಲಿ ನೀಲಿಯಾಗಿ, ಇನ್ನೊಂದರಲ್ಲಿ ಕೆಂಪಾಗಿ ಕಾಣುತ್ತದೆ. ಪೂಜಾವಸ್ತ್ರದ ಬಣ್ಣಕ್ಕೆ ಅರ್ಥವಿದೆ. ನೇರಳೆ ಪ್ರಾಯಶ್ಚಿತ್ತಕ್ಕೆ, ಕೆಂಪು ರಕ್ತಸಾಕ್ಷಿಗಳಿಗೆ. ಹಾಗಾಗಿ ಇದನ್ನು ಕೇವಲ ತಾಂತ್ರಿಕ ವಿಷಯವೆಂದು ನಾವು ಭಾವಿಸುವುದಿಲ್ಲ.

ಪ್ರತಿ ಕಂಪನಿಯ ಕ್ಯಾಮೆರಾ ಬಣ್ಣವನ್ನು ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಅದರ ಮೇಲೆ ಎಲ್ಲವನ್ನೂ 'ಆಟೋ'ದಲ್ಲಿ ಬಿಟ್ಟರೆ, ಬಿಳಿ ಬಲಿಪೀಠ ನೋಡುವ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ, ಗಾಯನ ಮಂಡಳಿಯ ಕತ್ತಲೆ ಮೂಲೆ ನೋಡುವುದು ಬೆಳ್ಳಗಾಗಿಸುತ್ತದೆ.

ಕರಾವಳಿಯ ಚರ್ಚ್‌ನೊಳಗೆ ಅಭ್ಯಾಸವಾದವರು ಬಳ್ಳಾರಿಯ ಕಡೆಗೆ, ಕಂಪ್ಲಿ ಬಳಿಯ ಎಮ್ಮಿಗನೂರಿನಂಥ ಊರಿಗೆ ಗುರುದೀಕ್ಷೆಯ ಚಿತ್ರೀಕರಣಕ್ಕೆ ಹೋದರೆ ಇನ್ನಷ್ಟು ಎಚ್ಚರ ಬೇಕು. ಕಾರ್ಯಕ್ರಮ ಬಯಲಲ್ಲಾದರೆ ಶಾಮಿಯಾನ ಇರುತ್ತದೆ. ಕೆಂಪು ಹಳದಿ ಬಟ್ಟೆಯಾದರೆ ಕೆಳಗೆ ಕುಳಿತವರ ಮುಖವೆಲ್ಲ ಅದೇ ಬಣ್ಣ. ಅಂಚಿನಾಚೆ ಬಯಲುಸೀಮೆಯ ಸುಡು ಬಿಸಿಲು. ಸಾಧ್ಯವಿದ್ದರೆ ವೇದಿಕೆಗೆ ಬಿಳಿ ಬಟ್ಟೆಯನ್ನೇ ಹಾಕಿಸಿ ಎಂದು ಆಯೋಜಕರಿಗೆ ಮೊದಲೇ ಹೇಳಿ. ಸಂಪಾದನೆಯ ಮೇಜಿನ ಮೇಲೆ ಎರಡು ದಿನ ಕುಳಿತು ಮಾಡುವ ಕೆಲಸ ಇದೊಂದರಿಂದಲೇ ಉಳಿಯಬಹುದು!

ಮೊದಲು ಎಲ್ಲ ಕ್ಯಾಮೆರಾಗಳ 'ಆಟೋ' ತೆಗೆಯಿರಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ 1/60 ಇಟ್ಟರೆ ಕೆಲವು ದೀಪಗಳು ಮಿನುಗುತ್ತವೆ. ಬಿಸಿಲಿದ್ದರೆ ಶಟರ್ ಏರಿಸದೆ ಎನ್.ಡಿ. ಫಿಲ್ಟರ್ ಹಾಕಿ. ನಂತರ ಒಂದು ಬಿಳಿ ಕಾರ್ಡನ್ನು ಗುರುಗಳು ನಿಲ್ಲುವ ಜಾಗದಲ್ಲೇ ಹಿಡಿಸಿ, ಎಲ್ಲ ಕ್ಯಾಮೆರಾಗಳಲ್ಲೂ ಅದಕ್ಕೇ ವೈಟ್ ಬ್ಯಾಲೆನ್ಸ್ ಮಾಡಿ. ಕ್ಯಾಮೆರಾಮನ್ ತಾನು ನಿಂತಲ್ಲೇ ಕಾರ್ಡ್ ಹಿಡಿದರೆ ಪ್ರಯೋಜನವಿಲ್ಲ. ಎಲ್ಲದರಲ್ಲೂ 5600 ಕೆಲ್ವಿನ್ ಎಂದು ಇಟ್ಟರೂ ಸಾಲದು. ಬೇರೆ ಬೇರೆ ಕಂಪನಿಗಳಲ್ಲಿ ಅದೇ ಸಂಖ್ಯೆ ಬೇರೆ ಬಣ್ಣ ಕೊಡುತ್ತದೆ.

ಅಳತೆಗೋಲು ಯಾವುದು? ಇದ್ದುದರಲ್ಲಿ ಸಾಧಾರಣ ಕ್ಯಾಮೆರಾ. ದುಬಾರಿ ಕ್ಯಾಮೆರಾವನ್ನು ಅದರ ಮಟ್ಟಕ್ಕೆ ಇಳಿಸಬಹುದು, ಅದನ್ನು ಮೇಲೇರಿಸಲಾಗದು. ಮೊಬೈಲ್ ಬಳಸುವುದಾದರೆ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡುವ ಆ್ಯಪ್ ಇರಲಿ. ನೇರಪ್ರಸಾರಕ್ಕೆ 'ಲಾಗ್' ಪ್ರೊಫೈಲ್ ಬೇಡ. ಬಣ್ಣ ತಿದ್ದುವ ವ್ಯವಸ್ಥೆ ಇಲ್ಲದಿದ್ದರೆ ಚಿತ್ರ ಬೂದಿ ಬಳಿದಂತೆ ಕಾಣುತ್ತದೆ. ಸಾಮಾನ್ಯ ರೆಕ್. 709 ಸಾಕು.

ಬಳಿಕ ಪೂಜಾವಸ್ತ್ರ ಧರಿಸಿದ ಒಬ್ಬರನ್ನು ಪೀಠದ ಬಳಿ ನಿಲ್ಲಿಸಿ, ಎಲ್ಲ ಕ್ಯಾಮೆರಾಗಳ ಚಿತ್ರವನ್ನೂ ಒಂದೇ ಮಾನಿಟರ್‌ನಲ್ಲಿ ನೋಡಿ. ಮೊದಲು ಮುಖದ ಬಣ್ಣ ಹೊಂದಲಿ, ಆಮೇಲೆ ಉಳಿದದ್ದು. ಗುರುದೀಕ್ಷೆಯ ಬಿಳಿ ವಸ್ತ್ರದ ನೆರಿಗೆಗಳು ಅಳಿಸಿಹೋಗಬಾರದು, ಹಾಗೆಂದು ನಮ್ಮ ಜನರ ಕಂದು ಮುಖಗಳು ಕತ್ತಲೆಗೂ ಸೇರಬಾರದು. ಎರಡೂ ಆಗದಿದ್ದರೆ ನಾವು ಮುಖವನ್ನೇ ಆರಿಸಿಕೊಳ್ಳುತ್ತೇವೆ. ಧರ್ಮಾಧ್ಯಕ್ಷರು ತಲೆಯ ಮೇಲೆ ಕೈಯಿಡುವ ಆ ಕ್ಷಣದ ಮಗನ ಮುಖವನ್ನು ತಾಯಿ ಮುಂದೆ ಎಷ್ಟೋ ವರ್ಷ ನೋಡುತ್ತಾಳೆ. ಮತ್ತೊಮ್ಮೆ ಮಾಡಿ ಎಂದು ಕೇಳುವಂತಿಲ್ಲ.

ಸಂಜೆಯಾಗುತ್ತ ಬೆಳಕು ಬದಲಾದರೆ, ಪ್ರಬೋಧನೆಯ ಹೊತ್ತಿಗೆ ಪ್ರಸಾರದಲ್ಲಿಲ್ಲದ ಕ್ಯಾಮೆರಾಗಳನ್ನು ಪೀಠದ ಬಿಳಿ ವಸ್ತ್ರ ನೋಡಿ ಸರಿಪಡಿಸಿ, ಕೊನೆಗೆ ಉಳಿದದ್ದನ್ನು. ಕಾರ್ಡ್ ಹಿಡಿದು ಪೀಠದ ಬಳಿ ಓಡಾಡಬೇಡಿ. ದೈವಾರಾಧನೆಯ ಪ್ರಸಾರ ವಿವೇಕದಿಂದ, ಘನತೆಯಿಂದ ನಡೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ.

ಅಷ್ಟು ದೂರ ಹೋದವರು ಹಂಪಿಯ ದೃಶ್ಯಗಳನ್ನೂ ಸೇರಿಸಲು ಬಯಸುವುದು ಸಹಜ. ಸ್ಮಾರಕಗಳಲ್ಲಿ ವಿಡಿಯೊ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಅಲ್ಲಿಯೂ ಅದೇ ಬಿಳಿ ಕಾರ್ಡ್ ಜೊತೆಗಿರಲಿ.