ಸ್ನಾಯು: ಹುರಿ ಮಾಂಸವಾದ ಕಥೆ

ಬಲಗೈಯನ್ನು ಮೊಣಕೈಯಲ್ಲಿ ಅರ್ಧ ಮಡಿಸಿ, ಅಂಗೈ ಮೇಲಾಗಿ ಹಿಡಿಯಿರಿ. ಮಡಿಕೆಯ ಒಳಭಾಗವನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿದರೆ ಬಿಗಿದ ಹುರಿಯಂಥದ್ದೊಂದು ಸಿಗುತ್ತದೆ. ಅಂಗೈಯನ್ನು ನೆಲದ ಕಡೆಗೆ ಹೊರಳಿಸಿ: ಹುರಿ ಸಡಿಲಾಗಿ ಒಳಗೆಲ್ಲೋ ಜಾರುತ್ತದೆ. ಮತ್ತೆ ಮೇಲಕ್ಕೆ ತಿರುಗಿಸಿದರೆ ಎದ್ದು ನಿಲ್ಲುತ್ತದೆ. ‘ಇವತ್ತು ಬೈಸೆಪ್ಸ್ ಹೊಡೀಬೇಕು’ ಎಂದು ಜಿಮ್ಮಿಗೆ ಹೋಗುವ ಹುಡುಗರ ಕಣ್ಣೆಲ್ಲ ಕನ್ನಡಿಯಲ್ಲಿ ಕಾಣುವ ರಟ್ಟೆಯ ಉಬ್ಬಿನ ಮೇಲೆ. ಕೆಳಗಿನ ಈ ಹುರಿಯನ್ನು ಕೇಳುವವರಿಲ್ಲ. ಆದರೆ ‘ಸ್ನಾಯು’ ಎಂಬ ಪದ ಮೊದಲು ಸಂದದ್ದು ಉಬ್ಬಿಗಲ್ಲ, ಈ ಹುರಿಗೆ.

ಅಥರ್ವವೇದದಲ್ಲಿ ಎಲುಬು, ಮಜ್ಜೆಗಳ ಪಕ್ಕದಲ್ಲೇ ಸ್ನಾಯುವಿನ ಬಳಗದ ‘ಸ್ನಾವ’ದ ಹೆಸರು ಬರುತ್ತದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಲೆಕ್ಕವೇ ಇದೆ: ಮೈಯಲ್ಲಿ ಸ್ನಾಯುಗಳು 900, ಪೇಶಿಗಳು 500. ಎರಡಕ್ಕೂ ಬೇರೆ ಬೇರೆ ಪಟ್ಟಿ ಎಂಬುದೇ ಮುಖ್ಯ. ಮಾಂಸದ ಗಟ್ಟಿ ಪೇಶಿ. ಕೀಲುಗಳನ್ನು ಬಿಗಿದು ಹಿಡಿಯುವುದು ಸ್ನಾಯು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವ ಹಾಗೆ, ಸ್ನಾಯುಗಳಿಂದ ಬಿಗಿದ ಮೈ ಭಾರ ತಾಳುತ್ತದೆ ಎನ್ನುತ್ತಾನೆ ಸುಶ್ರುತ. ಸ್ನಾಯುಗಳಲ್ಲಿ ನಾಲ್ಕು ಬಗೆ ಮಾಡಿ, ದುಂಡಗಿರುವವನ್ನು ‘ಕಂಡರಾ’ ಎಂದು ಕರೆದ. ಗಾಯ ಹೊಲಿಯಲು ನೂಲು, ನಾರು, ಕೂದಲಿನ ಜೊತೆಗೆ ಸ್ನಾಯುವೂ ಆಗಬಹುದೆಂದು ಹೇಳಿದವನೂ ಅವನೇ. ಮಾಂಸದಿಂದ ಯಾರೂ ಹೊಲಿಗೆ ಹಾಕಲಾರರಷ್ಟೆ!

ಸ್ನಾಯು ಹುಟ್ಟಿದ ಮೂಲದಿಂದಲೇ ಗ್ರೀಕಿನ ‘ನ್ಯೂರಾನ್’, ಲ್ಯಾಟಿನ್ನಿನ ‘ನೆರ್ವುಸ್’ ಬಂದವು. ಅವಕ್ಕೂ ಮೊದಲಿದ್ದ ಅರ್ಥ ಹುರಿಯೇ, ಬಿಲ್ಲಿನ ಹೆದೆಯೇ. ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ಎಂಬ ವೈದ್ಯರು ಶವಗಳನ್ನು ಕೊಯ್ದು ನೋಡಿದಾಗ, ಬಿಳಿ ಹುರಿಗಳಲ್ಲಿ ಕೆಲವು ಎಲುಬು ಕಟ್ಟುವ ಬದಲು ಮಿದುಳಿಗೂ ಬೆನ್ನುಹುರಿಗೂ ಹೋಗಿ ಸೇರುವುದು ಕಂಡಿತು. ಅಲ್ಲಿಂದ ಮುಂದೆ ಆ ಪದ ನಿಧಾನವಾಗಿ ನರದ ಪಾಲಾಯಿತು. ಮಾಂಸಕ್ಕೆ ಅವರಲ್ಲಿ ಬೇರೆ ಹೆಸರಿತ್ತು: ಗ್ರೀಕರಿಗೆ ಇಲಿಯೂ ಮಾಂಸಖಂಡವೂ ಒಂದೇ ಪದ, ‘ಮಿಸ್’. ಚರ್ಮದಡಿ ಅವರು ಕಂಡದ್ದು ಇಲಿ. ಕಾಲಿನ ಹಿಂಬದಿಯನ್ನು ‘ಮೀನಖಂಡ’ ಎಂದ ನಾವು ಕಂಡದ್ದು ಮೀನು.

ಭಾರತದಲ್ಲಿ ಸ್ನಾಯುವಿನ ಹಾದಿ ಕವಲೊಡೆಯಿತು. ಬಂಗಾಳಿಯಲ್ಲಿ ಅದು ನರ. ಹಿಂದಿಯಲ್ಲೂ ‘ಸ್ನಾಯು ತಂತ್ರ’ ಎಂದರೆ ನರಮಂಡಲ. ಮಾಂಸಖಂಡಕ್ಕೆ ಅವರು ಪೇಶಿಯನ್ನು ಉಳಿಸಿಕೊಂಡರು. ಮರಾಠಿಯಲ್ಲಿ ಪೇಶಿ ಎಂಬುದು ಜೀವಕೋಶಕ್ಕೆ ಹೋಯಿತು, ಸ್ನಾಯು ಮಾಂಸಖಂಡವಾಯಿತು. ಕನ್ನಡವೂ ಮರಾಠಿಯ ಸಾಲಿನಲ್ಲೇ ನಿಂತಿದೆ. ನನ್ನ ಊಹೆಯಲ್ಲಿ ಇದಕ್ಕೆ ಕಾರಣ ನಮ್ಮ ‘ನರ’. ತಮಿಳಿನ ‘ನರಂಬು’ ಇದರ ಒಡಹುಟ್ಟು. ಹಳೆಯ ಯಾಳ್ ವಾದ್ಯದ ತಂತಿಗೂ ತಮಿಳರು ಅದೇ ಹೆಸರಿಟ್ಟಿದ್ದರು, ಅಂದರೆ ಇಲ್ಲೂ ಹುರಿಯೇ. ಕತ್ತು ಹೊರಳದಿದ್ದರೆ ‘ನರ ಹಿಡ್ಕೊಂಡಿದೆ’, ಮುಂಗೈಯಲ್ಲಿ ರಕ್ತನಾಳ ಉಬ್ಬಿದರೆ ‘ನರ ಎದ್ದಿದೆ’, ಕೈ ನಡುಗಿದರೆ ‘ನರದೌರ್ಬಲ್ಯ’. ದಾರದಂತಿರುವ ಎಲ್ಲವನ್ನೂ ನರ ಒಂದೇ ನುಂಗಿ ಕೂತಿದ್ದರಿಂದ, ಸಂಸ್ಕೃತದ ಸ್ನಾಯು ಪಠ್ಯಪುಸ್ತಕಕ್ಕೆ ಬರುವಾಗ ಮಾಂಸದ ಕುರ್ಚಿಯೊಂದೇ ಖಾಲಿ ಇತ್ತು.

ತೊಂದರೆ ಆಮೇಲೆ ಶುರುವಾಯಿತು. ಟೆಂಡನ್‌ಗೆ ಹೆಸರು ಬೇಕಾದಾಗ ಹಿಂದಿಯವರು ಸುಶ್ರುತನ ಕಂಡರಾವನ್ನೇ ಎತ್ತಿಕೊಂಡರು. ನಾವು ‘ಸ್ನಾಯುರಜ್ಜು’ ಎಂದು ಹೊಸದಾಗಿ ಕಟ್ಟಿದೆವು. ರಜ್ಜು ಎಂದರೂ ಹಗ್ಗವೇ. ಮೂಲ ಬಲ್ಲವರ ಕಿವಿಗೆ ಇದು ಗೇಟುಬಾಗಿಲಿನ ಜಾತಿಗೆ ಸೇರಿದ ಪದ. ಆದರೂ ಪತ್ರಿಕೆಗಳ ಕ್ರೀಡಾಪುಟದ ‘ಮಂಡಿರಜ್ಜು ಗಾಯ’ ನನಗೆ ಒಪ್ಪಿಗೆ; ಎಲ್ಲಿ, ಏನು ಎಂಬುದು ಅದರಲ್ಲಿ ಥಟ್ಟನೆ ತಿಳಿಯುತ್ತದೆ.

ಬೈಸೆಪ್ಸ್ ಎಂಬ ಹೆಸರೂ ಹುರಿಯನ್ನು ಮರೆತದ್ದೇ. ಲ್ಯಾಟಿನ್ನಿನಲ್ಲಿ ಅದಕ್ಕೆ ಎರಡು ತಲೆಯದು ಎಂದರ್ಥ. ನಮ್ಮವರು ‘ದ್ವಿಶಿರ’ ಎಂದರು. ಎರಡು ತಲೆಗಳೂ ಇರುವುದು ಮೇಲೆ, ಹೆಗಲೆಲುಬಿನಲ್ಲಿ. ಕೆಳಗೆ ಎರಡೂ ಕೂಡಿ ಒಂದೇ ಹುರಿಯಾಗಿ, ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳ ಕಡೆಯದಕ್ಕೆ ಅಂಟುತ್ತವೆ. ಆ ಎಲುಬು ತನ್ನ ಸುತ್ತ ತಾನೇ ಹೊರಳಬಲ್ಲದು. ಹಾಗಾಗಿ ಹುರಿ ಜಗ್ಗಿದಾಗ ಮೊಣಕೈ ಮಡಿಯುವುದಷ್ಟೇ ಅಲ್ಲ, ಅಂಗೈಯೂ ಮೇಲಕ್ಕೆ ತಿರುಗುತ್ತದೆ. ಬಲಗೈಯಲ್ಲಿ ಸ್ಕ್ರೂ ಬಿಗಿಮಾಡುವಾಗ ರಟ್ಟೆ ಸೋಲುವುದು ಇದಕ್ಕೇ.

ಡಂಬೆಲ್ ಎತ್ತುವ ಕ್ರಮವೆಲ್ಲ ಇದರಿಂದಲೇ ಹುಟ್ಟುತ್ತದೆ. ತೊಡೆಯ ಪಕ್ಕದಲ್ಲಿ ಅಂಗೈ ಒಳಮುಖವಾಗಿರಲಿ. ಎತ್ತುತ್ತ ಎತ್ತುತ್ತ ಮೇಲ್ಮುಖಕ್ಕೆ ತಿರುಗಲಿ. ಅಂಗೈ ಕೆಳಮುಖವಾಗಿಯೇ ಎತ್ತಿದರೆ ಹುರಿ ಎಲುಬಿಗೆ ಸುತ್ತಿಕೊಂಡು ಜಗ್ಗುವ ಬಲ ಕಳೆದುಕೊಳ್ಳುತ್ತದೆ, ಅಡಿಯಲ್ಲಿರುವ ಬ್ರೇಕಿಯಾಲಿಸ್ ಎಂಬ ಇನ್ನೊಂದು ಮಾಂಸಖಂಡ ಹೆಚ್ಚು ದುಡಿಯಬೇಕಾಗುತ್ತದೆ. ಮೊಣಕೈ ಪಕ್ಕೆಗೆ ಅಂಟಿದ ಹಾಗಿರಬೇಕು. ಅದು ಮುಂದೆ ಬಂದರೆ ಕೆಲಸ ಹೆಗಲಿಗೆ ಹೋಗುತ್ತದೆ. ಮಣಿಕಟ್ಟು ಬಾಗಬಾರದು. ಸೊಂಟ ಜೋಲಿ ಹೊಡೆದು, ಬೆನ್ನು ಹಿಂದಕ್ಕೆ ಬಾಗಿ ತೂಕ ಮೇಲೇರಿತೆಂದರೆ ಎತ್ತಿದ್ದು ರಟ್ಟೆಯಲ್ಲ, ನಡು.

‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ಜಿಮ್ನೇಷಿಯಮ್ಮಿನಲ್ಲಿ ಹುಡುಗರನ್ನು ಪಳಗಿಸುತ್ತಿದ್ದವರು. 1930ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕಕ್ಕೆ ಅವರು ‘ಮಸಲ್ ಕಲ್ಟ್’ ಎಂದು ಹೆಸರಿಟ್ಟರು; ಅಲ್ಲಿ ಇಲಿಯೇ ಗೆದ್ದಿದೆ, ‘ಮಸಲ್’ ಬಂದದ್ದು ಲ್ಯಾಟಿನ್ನಿನ ‘ಪುಟ್ಟ ಇಲಿ’ಯಿಂದ. ಕನ್ನಡ ಮಾತ್ರ ದುಡಿದು ಗಟ್ಟಿಯಾದ ಮೈಯನ್ನು ಹೊಗಳುವಾಗ ‘ಉಬ್ಬಿದ ಮೈ’ ಎನ್ನುವುದಿಲ್ಲ, ‘ಹುರಿಗಟ್ಟಿದ ಮೈ’ ಎನ್ನುತ್ತದೆ. ಶಾಸ್ತ್ರದ ಪದ ಹುರಿಯನ್ನು ಕೈಬಿಟ್ಟರೂ ಆಡುಮಾತು ಬಿಟ್ಟಿಲ್ಲ.

ಮತ್ತೆ ಡಂಬೆಲ್ಲಿಗೆ ಬಂದರೆ, ಅದನ್ನು ಕೆಳಗಿಳಿಸುವಾಗ ಹೆಚ್ಚಿನವರು ಕೈಯನ್ನು ಧೊಪ್ಪನೆ ಬಿಟ್ಟುಬಿಡುತ್ತಾರೆ. ಎತ್ತಿದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಂಡು, ಮೊಣಕೈ ನೆಟ್ಟಗಾಗುವವರೆಗೂ ಭಾರವನ್ನು ತಡೆದು ಇಳಿಸಬೇಕು. ಹಾಗೆ ಇಳಿಸಲಾಗದಿದ್ದರೆ ಡಂಬೆಲ್ ಭಾರವಾಯಿತೆಂದೇ ಅರ್ಥ. ಒಂದು ಸೈಜ್ ಕಮ್ಮಿಯದು ತೆಗೆದುಕೊಳ್ಳಿ.