ಮಹಿಳಾ ಏಷ್ಯಾ ಕಪ್ ಫುಟ್‌ಬಾಲ್: ಬೆಂಗಳೂರಿನಿಂದ ಖಂಡದ ಕಣಕ್ಕಿರುವ ಹಾದಿ

ಏಷ್ಯಾದ ರಾಷ್ಟ್ರೀಯ ಮಹಿಳಾ ತಂಡಗಳ ಅತ್ಯುನ್ನತ ಪಂದ್ಯಾವಳಿ ಎ.ಎಫ್.ಸಿ. ಮಹಿಳಾ ಏಷ್ಯಾ ಕಪ್. 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆರಂಭಗೊಂಡ ಈ ಸ್ಪರ್ಧೆಯ 2026ರ ಆವೃತ್ತಿಯ ಆತಿಥ್ಯ ಆಸ್ಟ್ರೇಲಿಯಾಕ್ಕೂ 2029ರ ಆತಿಥ್ಯ ಉಜ್ಬೇಕಿಸ್ತಾನಕ್ಕೂ ದೊರೆತಿವೆ. ಇದು ಕೇವಲ ಖಂಡದ ಕಿರೀಟದ ಪ್ರಶ್ನೆಯಲ್ಲ. 2027ರಲ್ಲಿ ಬ್ರೆಜಿಲ್‌ನಲ್ಲಿ ನಡೆಯುವ ವಿಶ್ವಕಪ್‌ಗೆ ಏಷ್ಯಾದ ತಂಡಗಳನ್ನು ಆರಿಸುವ ಹೊಣೆಯೂ 2026ರ ಆವೃತ್ತಿಯದೇ.

ಭಾರತದ ಏಳುಬೀಳು

ಭಾರತ ಈ ಕಣಕ್ಕೆ ಹೊಸದಲ್ಲ. 1979-80ರಲ್ಲಿ ಕಲ್ಲಿಕೋಟೆಯಲ್ಲಿಯೂ 1983ರಲ್ಲಿ ಬ್ಯಾಂಕಾಕ್‌ನಲ್ಲಿಯೂ ನಮ್ಮ ವನಿತೆಯರು ಎರಡನೆಯ ಸ್ಥಾನ ಪಡೆದಿದ್ದರು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತ ತಂಡದಲ್ಲಿ ಆಡಿದ್ದರು. ಆದರೆ ಆ ವೈಭವ ಉಳಿಯಲಿಲ್ಲ. 2003ರ ನಂತರ ದೀರ್ಘಕಾಲ ಭಾರತಕ್ಕೆ ಸ್ಥಾನವೇ ಸಿಗಲಿಲ್ಲ. 2022ರಲ್ಲಿ ಆತಿಥೇಯ ರಾಷ್ಟ್ರವಾಗಿ ಅವಕಾಶ ದೊರೆತರೂ, ಇರಾನ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿದ ಬಳಿಕ ಕೋವಿಡ್ ಸೋಂಕಿನಿಂದಾಗಿ ತಂಡ ಹಿಂದೆ ಸರಿಯಬೇಕಾಯಿತು.

ಅರ್ಹತೆ ಗಳಿಸಿದ ಬಗೆ

2026ರ ಆವೃತ್ತಿಯ 12 ಸ್ಥಾನಗಳಲ್ಲಿ ನಾಲ್ಕು ಮೊದಲೇ ಭರ್ತಿಯಾಗಿದ್ದವು: ಆತಿಥೇಯ ಆಸ್ಟ್ರೇಲಿಯಾ, ಜೊತೆಗೆ 2022ರಲ್ಲಿ ಮುಂಚೂಣಿಯಲ್ಲಿದ್ದ ಚೀನಾ, ದಕ್ಷಿಣ ಕೊರಿಯಾ ಹಾಗೂ ಜಪಾನ್. ಉಳಿದ ಎಂಟು ಸ್ಥಾನಗಳಿಗೆ ಎಂಟು ಗುಂಪುಗಳು. ಗುಂಪಿನ ಅಗ್ರಸ್ಥಾನಿಗೆ ಮಾತ್ರ ಪ್ರವೇಶ. ಎರಡನೆಯವರಿಗೆ ಇನ್ನೊಂದು ಅವಕಾಶವಿಲ್ಲ.

2025ರ ಜೂನ್-ಜುಲೈನಲ್ಲಿ ಥಾಯ್ಲೆಂಡ್‌ನ ಚಿಯಾಂಗ್‌ಮಾಯ್‌ನಲ್ಲಿ ಭಾರತ ಮಂಗೋಲಿಯಾವನ್ನು 13-0, ಟಿಮೋರ್ ಲೆಸ್ಟೆಯನ್ನು 4-0, ಇರಾಕ್ ಅನ್ನು 5-0 ಗೋಲುಗಳಿಂದ ಸೋಲಿಸಿತು. ಜುಲೈ 5ರಂದು ತನಗಿಂತ ಮೇಲಿನ ಶ್ರೇಯಾಂಕದ ಥಾಯ್ಲೆಂಡ್ ತಂಡವನ್ನು ಅದರದೇ ನೆಲದಲ್ಲಿ 2-1ರಿಂದ ಮಣಿಸಿತು. ಎರಡೂ ಗೋಲುಗಳು ಸಂಗೀತಾ ಬಾಸ್ಫೋರ್ ಅವರವು. ಅರ್ಹತಾ ಸುತ್ತನ್ನು ದಾಟಿ ಭಾರತ ಏಷ್ಯಾ ಕಪ್ ಪ್ರವೇಶಿಸಿದ್ದು ಇದೇ ಮೊದಲು.

ಬೆಂಗಳೂರಿನ ಪಾತ್ರ

ಈ ಗೆಲುವಿಗೆ ಮೊದಲು ತಂಡ ಪಳಗಿದ್ದು ನಮ್ಮ ನಗರದಲ್ಲಿ. ನಗರದ ಉತ್ತರ ಅಂಚಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಭಾರತ 2024ರ ಡಿಸೆಂಬರ್ 30 ಹಾಗೂ 2025ರ ಜನವರಿ 2ರಂದು ಮಾಲ್ಡೀವ್ಸ್ ವಿರುದ್ಧ ಆಡಿತು. ಅರ್ಹತಾ ಸುತ್ತಿಗೆ ತೆರಳುವ ಮುನ್ನ ಅಲ್ಲಿಯೇ ಉಜ್ಬೇಕಿಸ್ತಾನವನ್ನು ಎದುರಿಸಿತು. 2020ರ ಫೆಬ್ರುವರಿ 14ರಂದು ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದು, ಗೋಕುಲಂ ಕೇರಳ ಪ್ರಶಸ್ತಿ ಗೆದ್ದಿತು. 2022-23ರ ಲೀಗ್‌ನ ಫೈನಲ್ ತಲುಪಿ ಎರಡನೆಯ ಸ್ಥಾನ ಪಡೆದ ಕಿಕ್‌ಸ್ಟಾರ್ಟ್ ಬೆಂಗಳೂರಿನದೇ ತಂಡ.

ಪಶ್ಚಿಮ ಭಾಗದ ಬಾಲೆಯರಿಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಹೆಣ್ಣುಮಕ್ಕಳಿಗೆ ಈ ಏಣಿಯ ಮೊದಲ ಮೆಟ್ಟಿಲು ಕ್ಲಬ್. ಅಲ್ಲಿಂದ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮಹಿಳಾ ಲೀಗ್, ಬಳಿಕ ರಾಷ್ಟ್ರೀಯ ಲೀಗ್, ಕೊನೆಗೆ ರಾಷ್ಟ್ರೀಯ ಶಿಬಿರ. ಕೆಂಗೇರಿ, ವಿಜಯನಗರದವರು ಮೆಟ್ರೋದ ನೇರಳೆ ಮಾರ್ಗದಲ್ಲಿ ನೇರವಾಗಿಯೂ ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಿಯೂ ಎಂ.ಜಿ. ರಸ್ತೆ ತಲುಪಬಹುದು, ಅಶೋಕನಗರದ ಕ್ರೀಡಾಂಗಣ ಅಲ್ಲಿಂದ ಹೆಚ್ಚು ದೂರವಿಲ್ಲ. ಬಸವೇಶ್ವರನಗರದವರಿಗೆ ಈ ಎರಡೂ ಮಾರ್ಗಗಳು ಸಮೀಪ.

ಎಂಬತ್ತರ ದಶಕದ ಸಾಧನೆ ಮುಂದುವರಿಯದೆ ನಿಂತದ್ದನ್ನು ಈ ದೇಶ ಕಂಡಿದೆ. 2025ರ ಗೆಲುವಿಗೂ ಅದೇ ಗತಿ ಬಾರದಿರಬೇಕಾದರೆ ರಾಷ್ಟ್ರೀಯ ಶಿಬಿರವೊಂದೇ ಸಾಲದು. ಬಡಾವಣೆಯ ಮೈದಾನದಲ್ಲಿ ಸಂಜೆಯ ಹೊತ್ತು ಹುಡುಗಿಯರಿಗೂ ಚೆಂಡು ಸಿಗಬೇಕು.